ಸೊಸೆಯ ಬಲಗಣ್ಣು

ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯ ತುದಿಯಿಂದ ತೆಗೆಯುವುದನ್ನು ನನಗೆ ಅವ್ವ ಕಲಿಸಿದ್ದಳು. ತೆಲುಗು ಸೀಮೆಯ ಮಣಿಕೊಂಡದ ಸುತ್ತ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲ. ರಾಯಚೂರು ಕಡೆಯಿಂದ ಕಟ್ಟಡದ ಕೂಲಿಗೆ ಬಂದ ನಾವು ಅಲ್ಲಿಯೇ ತಗಡಿನ ಶೆಡ್ಡುಗಳಲ್ಲಿದ್ದೆವು. ದಿನಕ್ಕೊಬ್ಬರಾದರೂ ಕಣ್ಣುಜ್ಜಿಕೊಳ್ಳುತ್ತ ನನ್ನ ಹತ್ತಿರ ಬರುತ್ತಿದ್ದರು. ಬಾಯಿ ಮುಕ್ಕಳಿಸಿ, ರೆಪ್ಪೆ ಬಿಡಿಸಿ, ನಾಲಿಗೆ ಆಡಿಸಿ, ಹರಳನ್ನು ಅಂಗೈಗೆ ಉಗುಳಿ ತೋರಿಸುತ್ತಿದ್ದೆ. ಜಂಬವಿತ್ತು ನನಗೆ.

ಸೊಸೆ ಪಾಯ ತೋಡುವಲ್ಲಿ ಮಣ್ಣು ಹೊರುತ್ತಿದ್ದಳು. ಒಂದು ಮಧ್ಯಾಹ್ನ ಬುಟ್ಟಿಯ ಮಣ್ಣು ಬಲಗಣ್ಣಿಗೆ ಬಿತ್ತು. ನಲ್ಲಿಯ ಕಡೆ ಹೊರಟವಳನ್ನು ಹಿಡಿದು ಕೂರಿಸಿದೆ.

"ನೀರು ಹಾಕ್ಕೋತೀನ್ರಿ ಅತ್ತಿ, ಸಾಕು."

"ಸುಮ್ಮ ಕುಂದ್ರು. ನೀರಿಗೆ ಬರೂದಾಗಿದ್ರ ನಾನ್ಯಾಕ ಬೇಕಿತ್ತು?"

ಹರಳು ಬಂತು. ವಾರ ಕಳೆಯುವುದರೊಳಗೆ ಕಣ್ಣು ಕೆಂಪಾಗಿ ಮುಚ್ಚಿಕೊಂಡಿತು. ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನೇ ಅವಳನ್ನು ದವಾಖಾನೆಗೆ ಕರೆದೊಯ್ದೆ. ಡಾಕ್ಟರಮ್ಮ ಮರಗಟ್ಟಿಸುವ ಹನಿ ಹಾಕಿ, ಕಣ್ಣುಗುಡ್ಡೆಯ ಮೇಲೆದ್ದ ಹುಣ್ಣನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಗೆ ಹಚ್ಚಿದರು. ಕಣ್ಣಿಗೆ ಯಾರಾದರೂ ಏನಾದರೂ ಮಾಡಿದರೇನು ಎಂದು ತೆಲುಗಿನಲ್ಲಿ ಕೇಳಿದರು. ಸೊಸೆ ನನ್ನ ಮುಖ ನೋಡಿದಳು.

"ಏನೂ ಇಲ್ಲ" ಎಂದೆ. ಅವಳೂ ಇಲ್ಲವೆಂದು ತಲೆಯಾಡಿಸಿದಳು.

ಆ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟಾಗ ದಾರದಂಥ ಎಳೆಗಳು ಕಂಡವಂತೆ. ರೊಟ್ಟಿಗೆ ಹತ್ತುವಂಥ ಬೂಷ್ಟು ಎಂದು ಅದಕ್ಕೆ ಹನಿ ಕೊಟ್ಟರು. ಎರಡು ವಾರ ಹಾಕಿದೆವು. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆಗಳು ಉಂಗುರದಂತೆ ಕೂತವು. ಬೆಳಕು ತಡೆಯಲಾರದೆ ಅವಳು ಮುಖಕ್ಕೆ ಸೆರಗೆಳೆದುಕೊಂಡು ಮೂಲೆಯಲ್ಲಿ ಕೂಡುತ್ತಿದ್ದಳು. ನಾನು ಎತ್ತ ಹೋದರೆ ಅತ್ತ ಆ ಸೆರಗು ತಿರುಗಿದಂತೆ ಅನಿಸುತ್ತಿತ್ತು. ಏನು ತಿಂದರೂ ಬಾಯಿಗೆ ಕಣ್ಣೀರಿನ ಉಪ್ಪೇ ಹತ್ತುತ್ತಿತ್ತು.

ಗುಡ್ಡೆ ತೂತು ಬಿದ್ದರೆ ಕಣ್ಣು ಹೋದಂತೆಯೇ ಎಂದರು ಡಾಕ್ಟರಮ್ಮ. ಆಗ ನಾಲಿಗೆ ಆಡಿಸಿದ್ದನ್ನು ಬಾಯಿಬಿಟ್ಟೆ.

"ಮೊದಲ ದಿನವೇ ಹೇಳಬಾರದಿತ್ತಾ? ಬೇರೆ ಏನಾದರೂ ಇರಬಹುದು ಅಂತ ಅವತ್ತೇ ಹುಡುಕುತ್ತಿದ್ದೆ" ಎಂದು ಬೈದು ಮತ್ತೊಮ್ಮೆ ಕೆರೆದರು. ಕೆರೆದದ್ದನ್ನು ಲ್ಯಾಬಿನಲ್ಲಿ ಕೆಲವು ದಿನ ಬೆಳೆಸಿ ನೋಡಿದ ಮೇಲೆ ಗೊತ್ತಾಯಿತು. ಅದು ಬೂಷ್ಟಲ್ಲ, ಬೂಷ್ಟಿನ ಹಾಗೆ ಎಳೆ ಬಿಡುವ ಒಂದು ಬ್ಯಾಕ್ಟೀರಿಯಾ. ಮಣ್ಣಿನಲ್ಲಿರುವಂಥದ್ದು, ಕಣ್ಣಿಗೆ ಹತ್ತುವುದು ಅಪರೂಪ. ಬಾಟಲಿ ಬದಲಾಯಿತು. ಗಂಟೆಗೊಮ್ಮೆ ನಾನೇ ಹನಿ ಹಾಕಿದೆ.

"ಮೂಗಿಗೆ ಹಾಕಿದ್ರಿ ನೋಡ್ರಿ ಅತ್ತಿ. ಮೂಗು ಚಲೋ ಐತಿ."

"ಅಲ್ಲಾಡಬ್ಯಾಡ, ಹುಚ್ಚಿ."

ರೋಗ ಬಂದದ್ದು ನನ್ನ ನಾಲಿಗೆಯಿಂದಲೋ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಮಣ್ಣಿನಿಂದ. ನಾಲಿಗೆ ಅದನ್ನು ಗಾಯಕ್ಕೆ ತಿಕ್ಕಿತೋ ಇಲ್ಲವೋ, ಹೇಳಲಾರೆ" ಎಂದರು. ಅವರು ಇಲ್ಲ ಎಂದುಬಿಡಲಿ ಎಂದು ಕಾದು ನಿಂತೆ. ಅವರು ಮುಂದಿನ ಚೀಟಿ ಕರೆದರು.

ಕಣ್ಣು ಉಳಿಯಿತು. ಬಿಳಿ ಕಲೆ ನಿಂತಿದೆ. ಆ ಕಣ್ಣಿಗೆ ಎಲ್ಲವೂ ಹೊಗೆಯೊಳಗಿಂದ ಕಂಡಂತೆ. ಒಂದು ದಿನ ಬಿಸಿಲಿಗೆ ಕೂತು ಅವಳ ತಲೆ ಬಾಚುತ್ತಿದ್ದಾಗ ಕೇಳಿಯೇಬಿಟ್ಟೆ.

"ನಾ ಸುಳ್ಳು ಹೇಳಿದೆ. ನೀ ಯಾಕ ಹೇಳ್ಲಿಲ್ಲ? ಕಣ್ಣು ನಿಂದಲ್ಲೇನು?"

"ನೀವು ಬಾಜೂಕ ನಿಂತಿದ್ರಲ್ಲ."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಸಿಟ್ಟಿದ್ದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ.

ಈಗ ಯಾರಾದರೂ ಅವಳನ್ನು ಏನಾದರೂ ಕೇಳಿದರೆ, ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದು ಹೊರಗೆ ಹೋಗುತ್ತೇನೆ.