ಬಿಳಿ ತೊಟ್ಟಿಲು, ಕರಿ ಗುಂಡುಕಲ್ಲು

ಸೇಡಂನ ನಮ್ಮ ಮನೆಗೆ ನೀವು ಬಂದರೆ, ಅಡುಗೆಮನೆಯ ಫರಸಿಕಟ್ಟೆಯ ಮೂಲೆಯಲ್ಲಿ ರವಿಕೆ ಬಟ್ಟೆ ಹೊದ್ದು ಕೂತ ಗುಂಡುಕಲ್ಲೊಂದು ಕಣ್ಣಿಗೆ ಬೀಳುತ್ತದೆ. ಒಂದು ಕಾಲಕ್ಕೆ ತವರೂರು ಚಿಮ್ಮನಚೋಡದಲ್ಲಿ ಅವ್ವ ಅದರಿಂದ ಖಾರ ಅರೆಯುತ್ತಿದ್ದಳು. ಈಗ ಅದು ಯಾವ ಕೆಲಸಕ್ಕೂ ಇಲ್ಲ.

ಹೋದ ವರ್ಷ ವಾಡಿಯಲ್ಲಿ ತಂಗಿ ಮಹಾದೇವಿಯ ಕುಬಸವಿತ್ತು. ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವ ಆ ಶಾಸ್ತ್ರಕ್ಕೂ ಒಂದು ಥೀಮ್ ಬೇಕೆಂದು ಹಟ ಹಿಡಿದವಳು ನಾನೇ. ಮೊಬೈಲಿನಲ್ಲಿ ನೋಡಿ ನೋಡಿ 'ಮೋಡ' ಆರಿಸಿದೆ: ಬಿಳಿ ಪರದೆ, ಬಿಳಿ ಬಲೂನು, ಹತ್ತಿಯ ಮೋಡಗಳು, ನಡುವೆ ರಿಬ್ಬನ್ನಿನಲ್ಲಿ ತೂಗುವ ಖಾಲಿ ತೊಟ್ಟಿಲು. ತೊಟ್ಟಿಲಿನ ಸುದ್ದಿ ಮೊದಲೇ ಕೇಳಿದ್ದ ಅವ್ವ, ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ ಈ ಕಲ್ಲನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದಳು.

“ಖಾಲಿ ತೊಟ್ಟಲಾ ತೂಗಬಾರ್ದವ್ವಾ, ಇದನ್ನರೆ ಅದರಾಗ ಇಡು,” ಎಂದಳು ಅವ್ವ.

“ಫೋಟೋದಾಗ ಭಾಳ ಕೆಟ್ಟ ಕಾಣ್ತದವ್ವಾ, ಥೀಮ್ ಪೂರಾ ಹಾಳಾಗ್ತದ,” ಎಂದು ನಗುತ್ತಲೇ ನಾನು ಕಲ್ಲನ್ನು ಮೇಜಿನ ಕೆಳಗೆ ತಳ್ಳಿದೆ. ಬಂದವರೆಲ್ಲ ಖಾಲಿ ತೊಟ್ಟಿಲು ತೂಗಿ ಫೋಟೋ ತೆಗೆಸಿಕೊಂಡರು.

ಮೂರು ವಾರಕ್ಕೆ ಕೂಸು ಹೊಟ್ಟೆಯಲ್ಲೇ ಹೋಯಿತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತೆಂದರು ಡಾಕ್ಟರು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು, ಅವರ ಮಾತನ್ನೇ ನಂಬಿದ್ದೇನೆ. ಅಲಂಕಾರದ ಸಾಮಾನಿನ ಜೊತೆ ನಮ್ಮ ಮನೆ ಸೇರಿದ ಕಲ್ಲನ್ನು ಅವ್ವ ಮರಳಿ ಕೇಳಲಿಲ್ಲ. ಮಹಾದೇವಿ ಒಂದೇ ಸಲ ಕೇಳಿದಳು: “ಅಕ್ಕಾ, ಆ ಕಲ್ಲ ಇಟ್ಟಿದ್ರ ನಿಂದೇನ ಹೋಗ್ತಿತ್ತು?” ಅಂದಿನಿಂದ ಅವಳು ನನ್ನ ಹೊಸ್ತಿಲು ತುಳಿದಿಲ್ಲ.

ಥೀಮ್ ಎಂದರೆ ಏನು ಹೇಳಿ? ಚಿತ್ರಕ್ಕೆ ಒಪ್ಪದ್ದನ್ನೆಲ್ಲ ಮೇಜಿನ ಕೆಳಗೆ ತಳ್ಳುವುದು. ಹಳಬರ ಶಾಸ್ತ್ರಕ್ಕೂ ಒಂದು ಥೀಮ್ ಇತ್ತು, ಅದು ಭಯ. ಎಷ್ಟೋ ಕೂಸುಗಳನ್ನು ಮಣ್ಣಿಗಿಟ್ಟು ಬಂದ ಆ ಹೆಂಗಸರು ಸಂಭ್ರಮದ ನಡುವೆಯೇ ತಮ್ಮ ಹೆದರಿಕೆಗೆ ಒಂದು ಕಲ್ಲಿನಷ್ಟು ಜಾಗ ಬಿಟ್ಟಿದ್ದರು. ನನ್ನ ಮೋಡಗಳ ನಡುವೆ ಅಷ್ಟು ಜಾಗವೂ ಇರಲಿಲ್ಲ. ಕಲ್ಲಿಟ್ಟಿದ್ದರೆ ಕೂಸು ಉಳಿಯುತ್ತಿತ್ತು ಎನ್ನುತ್ತಿಲ್ಲ. ನನ್ನ ಪಾಲಿಗೆ ತಂಗಿಯಾದರೂ ಉಳಿಯುತ್ತಿದ್ದಳು.

ಆಗಾಗ ಈ ಕಲ್ಲನ್ನು ತೊಳೆದು, ಒರೆಸಿ, ಮತ್ತೆ ರವಿಕೆ ಬಟ್ಟೆ ಸುತ್ತಿ ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತೇನೆ. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟ ಕೂಸೂ ಇಷ್ಟೇ ಭಾರವಿತ್ತು.