ಮಾಳಿಗೆ ಕಟ್ಟಿದ ಕೈಯಲ್ಲಿ ಕಪ್ಪೆಯ ಮನೆ

ಕೊಲ್ಹಾರದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಣೆಕಟ್ಟಿನ ಹಿನ್ನೀರಿನಿಂದ ಎದ್ದ ಚಳಿಗಾಲದ ಮಂಜು ಹೈಸ್ಕೂಲಿನ ಕಿಟಕಿಯವರೆಗೂ ಬಂದು ನಿಂತಿದೆ. ಒಳಗೆ, ವಿಜ್ಞಾನದ ಕೋಣೆಯಲ್ಲಿ, ಜವಾನ ದಾವಲಮಲಿಕ ಅವರು ಗಾಜಿನ ಪೆಟ್ಟಿಗೆಯ ಮುಂದೆ ಮಂಡಿಯೂರಿ ಉಸಿರು ಬಿಗಿಹಿಡಿದು ಕೂತಿದ್ದಾರೆ. ಪೆಟ್ಟಿಗೆಯಲ್ಲಿ ಎರಡು ಕಪ್ಪೆಗಳಿರಬೇಕು. ಒಂದೇ ಕಾಣುತ್ತಿದೆ.

"ಎಲ್ಲಿ ಹೋದಿ ಯವ್ವಾ, ಮಾರಿ ತೋರಸ," ಎಂದು ಒಂದೆಲಗದ ಬಳ್ಳಿಯನ್ನು ಬೆರಳ ತುದಿಯಿಂದ ಸರಿಸುತ್ತಾರೆ. ಎಲೆಯ ಕೆಳಗೆ ಎರಡು ಕಣ್ಣು ಮಿಟುಕುತ್ತವೆ. ಅಬ್ಬಾ! ಅವರ ಜೊತೆ, ಅವರ ಬಗ್ಗೆ ಬರೆಯಲೆಂದು ಬಂದ ನನಗೂ ಹೋದ ಜೀವ ಬಂದಂತಾಗುತ್ತದೆ.

ಆಮೇಲೆ ಪೆಟ್ಟಿಗೆಯ ಮೂಲೆಯಲ್ಲಿ ನೆಟ್ಟ ಪೈಪಿನೊಳಗೆ ಸಣ್ಣ ನಳಿಗೆ ಇಳಿಬಿಟ್ಟು ತಳದ ನೀರನ್ನು ಬಕೆಟ್ಟಿಗೆ ಎಳೆಯುತ್ತಾರೆ. "ನೀರು ತಳದಾಗಿನ ಹರಳಗಲ್ಲು ದಾಟಬಾರದ್ರಿ. ದಾಟಿದ್ರ ಬೇರು ಕೊಳೀತಾವು, ರೋಗ ಹತ್ತಿ ಕಪ್ಪಿ ಹೊಟ್ಟಿ ಕೆಂಪಾಕ್ಕೈತಿ."

ಈ ಕೈಗಳ ಮೊದಲಿನ ಕಸುಬು ಬೇರೆ. ಮನೆಗಳಿಗೆ ಮಣ್ಣಿನ ಮಾಳಿಗೆ, ಅಂದರೆ ಚಾವಣಿ, ಹಾಕುವುದು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಇವರಿಗೆ ಕರೆ ಬರುತ್ತಿತ್ತು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಡ್ಡಿ, ಕಡ್ಡಿಯ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಬೆಳ್ಳನೆಯ, ಉಪ್ಪಿನಂಶದ ಸವಳು ಮಣ್ಣು ಹರವಿ ಬಡಿದರೆ ಮುಗಿಯಿತು, ಮಳೆ ಜಾರಿ ಹೋಗುತ್ತದೆ. ಹಳೆಯ ಕೊಲ್ಹಾರ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ಹೊಸ ಊರಿನಲ್ಲಿ ಸಿಮೆಂಟಿನ ಮನೆಗಳೆದ್ದ ಮೇಲೆ ಕರೆಯುವವರಿಲ್ಲ.

"ನಮ್ಮ ಮನ್ಯಾಗ ಒಂದ ಹನಿ ಸೋರಲಿಲ್ರಿ," ಎನ್ನುವಾಗ ದನಿ ತುಸು ಏರುತ್ತದೆ. "ಕಡೀಕ ಹೊಳಿನ ಮನಿಯೊಳಗ ಬಂತು. ಆದ್ರ ಬಾಗಲದಿಂದ ಬಂತು, ನನ್ನ ಮಾಳಗಿಯಿಂದ ಅಲ್ಲ."

ಹೋದ ಬೇಸಿಗೆಯಲ್ಲಿ ನೀರು ಇಳಿದಾಗ ಆ ಮನೆಯ ಕಲ್ಲಿನ ಗೋಡೆ ತಲೆಯೆತ್ತಿತ್ತು. ಅದೇ ಹೊತ್ತಿಗೆ ವಿಜ್ಞಾನದ ಸುವರ್ಣಾ ಟೀಚರ್, "ಚಾಚಾ, ಮಕ್ಕಳು ಕೊಯ್ದ ಕಪ್ಪಿ ನೋಡೋದು ಸಾಕು, ಬದುಕಿದ್ದು ನೋಡ್ಲಿ. ಒಂದು ಮನಿ ಕಟ್ಟಿ ಕೊಡ್ರಿ" ಎಂದಿದ್ದರು. ಮನೆ ಅಂದದ್ದೇ ತಡ, ದಾವಲಮಲಿಕರಿಗೆ ಹುರುಪು ಬಂತು. ತಮ್ಮ ಗೋಡೆಯ ಬಿರುಕಿನಲ್ಲಿ, ಪಾಚಿಯ ಮೇಲೆ ಕೂತಿದ್ದ ನಾಲ್ಕು ಕಪ್ಪೆಗಳನ್ನು ಒದ್ದೆ ಬಟ್ಟೆಯಲ್ಲಿ ತಂದರು. ಪೆಟ್ಟಿಗೆಗೆ ಮಣ್ಣು ತುಂಬಿ, ಕೈಗೆ ರೂಢಿಯಾದಂತೆ ಮೇಲೆ ಸವಳು ಮಣ್ಣು ಹರವಿ, ಗಟ್ಟಿಯಾಗಿ ಬಡಿದುಬಿಟ್ಟರು!

ಹಾಕಿದ ನೀರು ಕೆಳಗಿಳಿಯಲಿಲ್ಲ. ಮೇಲೆಯೇ ನಿಂತು ಉಪ್ಪುಪ್ಪಾಯಿತು. ಎರಡು ಕಪ್ಪೆ ಸತ್ತವು.

"ನೀರು ಇಳೀಬಾರದು ಅಂತ ಜಲಮೆಲ್ಲಾ ದುಡದ ಕೈರಿ ಇವು. ಇಳೀಬೇಕು ಅನ್ನೂದು ಹೊಳೀಲೇ ಇಲ್ಲ," ಎನ್ನುತ್ತಾ ಅಂಗೈ ನೋಡಿಕೊಳ್ಳುತ್ತಾರೆ. ಅವರ ಹೆಂಡತಿ ಜೋಹರಾಬಿ ಹೇಳುವುದು ಬೇರೆ. "ಅವತ್ತ ರೊಟ್ಟಿ ಮುಟ್ಟಲಿಲ್ರಿ. ಊರು ಬಿಡುಮುಂದ ಅಳಲಾರದಾಂವ, ಕಪ್ಪಿಗೆ ಅತ್ತ."

ಉಳಿದೆರಡನ್ನು ಮಣ್ಣಿನ ಕೊಡದಲ್ಲಿಟ್ಟು, ಟೀಚರ್ ಜೊತೆ ಕೂತು ಮತ್ತೆ ಕಟ್ಟಿದರು. ತಳಕ್ಕೆ ತೊಳೆದ ಹೊಳೆಯ ಹರಳು. ಅದರ ಮೇಲೆ ಇದ್ದಿಲ ಚೂರು. ಮಣ್ಣು ಜಾರದಂತೆ ಸೊಳ್ಳೆ ಪರದೆಯ ತುಂಡು. ಆಮೇಲೆ ಮರಳು ಬೆರೆಸಿದ, ಎಲೆ ಕೊಳೆತು ಹುಡಿಯಾದ ಮಣ್ಣು. ಮೇಲೆ ಪಾಚಿ, ಒಂದೆಲಗ, ಉದುರೆಲೆ. ಬಡಿಯುವುದಿಲ್ಲ, ಅಂಗೈಯಿಂದ ಸವರುತ್ತಾರಷ್ಟೆ. ಹೊಲದ ಕಪ್ಪು ಎರೆಮಣ್ಣು ಮುಟ್ಟುವುದೇ ಇಲ್ಲ, ಅದು ನೀರು ಹಿಡಿದಿಟ್ಟು ಉಬ್ಬುತ್ತದೆ.

ಮಾತಾಡುತ್ತಲೇ ಚೊಂಬಿನಿಂದ ನೀರು ಚಿಮುಕಿಸುತ್ತಾರೆ. ಗಾಜಿನ ಒಳಗೂ ಮಂಜು, ಹೊರಗೂ ಮಂಜು. ಹನಿಗಳು ಪಾಚಿಯೊಳಗೆ ಇಳಿದು, ಮಣ್ಣು ದಾಟಿ, ಹರಳಿನ ನಡುವೆ ತಣ್ಣಗೆ ಸೇರುವುದನ್ನು ನೋಡುತ್ತ ನಾನು ಬಂದ ಕೆಲಸವನ್ನೇ ಮರೆಯುತ್ತೇನೆ. ಎಷ್ಟು ಚೆಂದ! ಮುಳುಗಿದ ಊರೊಂದು ಅಲ್ಲಿ ಮೆಲ್ಲಗೆ ಉಸಿರಾಡುತ್ತಿದೆ ಎನಿಸುತ್ತದೆ.

ಜೋಹರಾಬಿ ಮನೆಯಿಂದ ಚಹಾ ತಂದು, "ಮೊದಲ ಕಪ್ಪಿಗೆ ಕೊಡ್ಲೇನ್ರಿ, ನಿಮಗ ಕೊಡ್ಲೇನು?" ಎಂದು ಗಂಡನನ್ನು ಚುಡಾಯಿಸುತ್ತಾರೆ. ಈ ಎರಡನ್ನು ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ.

"ಬ್ಯಾಸಗಿಗೆ ನೀರು ಇಳೀತೈತಿ, ನಮ್ಮ ಗ್ವಾಡಿ ಮ್ಯಾಲ ಬರ್ತೈತಿ. ಅಲ್ಲೀತನಕ ಇವು ಜೀವಂತ ಇದ್ರ ಸಾಕ್ರಿ, ಅದ ಬಿರುಕಿನ್ಯಾಗ ಬಿಟ್ಟ ಬರ್ತೇನಿ," ಎಂದು ದಾವಲಮಲಿಕರು ಕಿಟಕಿಯಾಚೆ, ಮಂಜಿನ ಹಿಂದಿನ ನೀರಿನತ್ತಲೇ ನೋಡುತ್ತಾರೆ. "ನಮಗಂತೂ ಹೋಗಿ ಇರಾಕ ಆಗೂದಿಲ್ಲ. ಆದ್ರ ನಮ್ಮ ಮನ್ಯಾಗ ಯಾರರೆ ಇರಬೇಕಲ್ರಿ."