ಚಕ್ರದ ಕೆಳಗಿನ ನಿಂಬೆಹಣ್ಣು

ನನ್ನ ಮೈದುನ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾಗ ನಮ್ಮ ಮನೆಯಿಂದ ಅವನಿಗೆ ಎರಡು ಫೋಟೋ ಹೋದವು. ಒಂದು ನಾನು ಕಳುಹಿಸಿದ್ದು, ಯಶವಂತಪುರದ ಒಳ್ಳೆಯ ಮನೆತನದ ಹುಡುಗಿಯದು. ಇನ್ನೊಂದು ನಮ್ಮ ಯಜಮಾನರು ಕಳುಹಿಸಿದ್ದು, ಹೆಬ್ಬಾಳದ ಹಳೆಯ ಕಾರಿನದು. ಹುಡುಗಿಯ ಫೋಟೋ ಟ್ರಂಕಿನೊಳಗೆ ಭದ್ರವಾಗಿದೆ, ಕಾರಿನ ಫೋಟೋ ಸದಾ ಜೇಬಿನಲ್ಲೇ ಇರುತ್ತದೆ ಎಂದು ಅವನೇ ಹೆಮ್ಮೆಯಿಂದ ಕಾಗದ ಬರೆದ. ಓದಿ ನಾನು ದೇವರ ಮನೆಯಲ್ಲಿ ಇನ್ನೊಂದು ಬತ್ತಿ ಹೆಚ್ಚಾಗಿ ಹಚ್ಚಿದೆ.

ಮೈದುನನನ್ನು ಹೈಸ್ಕೂಲಿನಿಂದ ಸಾಕಿದವಳು ನಾನು. ಬೊಂಬಾಯಿಯಲ್ಲಿ ಅವನು ನಾಲ್ಕು ಜನರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ. ಸ್ವಂತ ಕೋಣೆಯೊಂದನ್ನು ಹಿಡಿಯಲೆಂದು ಹೊಟ್ಟೆ ಬಟ್ಟೆ ಕಟ್ಟಿ ಹಣ ಕೂಡಿಟ್ಟಿದ್ದ. ಕೋಣೆ ಆಗದೆ ಮದುವೆ ಇಲ್ಲ ಎಂದು ಹುಡುಗಿಯ ತಂದೆ ಖಡಾಖಂಡಿತವಾಗಿ ಹೇಳಿದ್ದರು. ಅದರಲ್ಲಿ ತಪ್ಪೇನು? ಮಗಳನ್ನು ಐದು ಗಂಡಸರ ಕೋಣೆಗೆ ಕಳುಹಿಸಲಾದೀತೇ? ಈಗ ಅದೇ ಹಣಕ್ಕೆ ಕಾರು ಬಂದು ಬಾಯಿ ಹಾಕಿತ್ತು. ಕೋಣೆ ಹೋದರೆ ಸಂಬಂಧವೂ ಹೋಯಿತು. ಇದು ನಮ್ಮ ಯಜಮಾನರಿಗೆ ಗೊತ್ತಿರಲಿಲ್ಲವೆಂದಲ್ಲ. ಕಾರು ಬೊಂಬಾಯಿಗೆ ಹೋಗುವವರೆಗೂ ಜಾಲಹಳ್ಳಿಯ ನಮ್ಮ ಕ್ವಾರ್ಟರ್ಸ್ ಮುಂದೆ ನಿಂತಿರುತ್ತದೆ, ತಾವು ಅದರಲ್ಲಿ ಫ್ಯಾಕ್ಟರಿ ಗೇಟಿಗೆ ಹೋಗಿ ಇಳಿಯಬಹುದು ಎನ್ನುವುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಕಾರು ಇಂಗ್ಲೆಂಡಿನದಂತೆ. ಎರಡೇ ಸೀಟು, ಮೇಲೆ ಮುಚ್ಚಳವಿಲ್ಲ. ರೇಸಿನ ಕಾರು ಎಂದರು. ಯಾರೋ ಮಿಲಿಟರಿ ಸಾಹೇಬರು ಊರು ಬಿಡುವಾಗ ಕೊಟ್ಟದ್ದನ್ನು ಹೆಬ್ಬಾಳದ ಗೌಡರೊಬ್ಬರು ಇಟ್ಟುಕೊಂಡಿದ್ದರು. ದ್ರಾಕ್ಷಿ ತೋಟವನ್ನು ಸೈಟು ಮಾಡಿ ಮಾರಿದವರು. ಮೈದುನನಿಗೆ ರಜೆ ಇಲ್ಲ. "ಅಣ್ಣ ನೋಡಿ ಹ್ಞೂಂ ಅಂದರೆ ಸಾಕು, ಹಣ ಕಳಿಸ್ತೀನಿ. ಅತ್ತಿಗೆಯೂ ಒಮ್ಮೆ ನೋಡಲಿ" ಎಂದು ಬರೆದಿದ್ದ. ಆ ಕೊನೆಯ ಮಾತನ್ನು ಬರೆಸಿದ್ದು ದೇವರೇ ಇರಬೇಕು.

ಇವರು ನನ್ನನ್ನೂ ಕರೆದುಕೊಂಡು ಹೊರಟಿದ್ದು ಆಯುಧಪೂಜೆಯ ದಿನ. ಫ್ಯಾಕ್ಟರಿಗೆ ರಜೆ, ರಾಹುಕಾಲವೂ ಕಳೆದಿತ್ತು. ಜೊತೆಗೆ ಇವರ ಸೆಕ್ಷನ್ನಿನ ಒಬ್ಬ ಸ್ನೇಹಿತರು. ಕಾರಿನ ವಿಷಯದಲ್ಲಿ ಅವರು ಪಂಡಿತರೆಂದು ಇಡೀ ಕಾಲೊನಿಯಲ್ಲಿ ಹೆಸರು. ಅವರ ಬಳಿ ಇದ್ದದ್ದು ಸೈಕಲ್ಲು.

ಕಾರು ನಿಂತಿದ್ದು ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ. ಕೆಂಪು ಬಣ್ಣ, ಚೆಂಡುಹೂವಿನ ದೊಡ್ಡ ಹಾರ, ಮೂತಿಗೆ ಮೂರು ಪಟ್ಟೆ ವಿಭೂತಿ, ಎರಡು ಕಡೆ ಬಾಳೆಕಂದು. ಮುಂದೆ ಬೂದುಗುಂಬಳ ಒಡೆದು ಕುಂಕುಮ ಸುರಿದಿದ್ದರು. ನಮ್ಮವರು ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು ಒಳಗೆ ಹೋದರು. ಅಲ್ಲಿಗೇ ಪರೀಕ್ಷೆ ಅರ್ಧ ಮುಗಿಯಿತು. ಕೈಮುಗಿದ ಮೇಲೆ ಯಾರಾದರೂ ತಪ್ಪು ಹುಡುಕುತ್ತಾರೆಯೇ?

ಇನ್ನರ್ಧ ಕೇಸರಿಬಾತಿನಲ್ಲಿ ಮುಗಿಯಿತು. ಗೌಡರ ಹೆಂಡತಿ ತಟ್ಟೆ ತಂದಿಟ್ಟರು, ತುಪ್ಪ ಧಾರಾಳ. ಹೆಣ್ಣು ನೋಡಲು ಹೋದವರ ಹಾಗೆ ಇಬ್ಬರೂ ಬೆಂಚಿನ ತುದಿಯಲ್ಲಿ ಕೂತು, ತಿನ್ನುತ್ತಾ ಓರೆಗಣ್ಣಿನಲ್ಲಿ ಕಾರನ್ನು ನೋಡಿದರು. ಹೆಣ್ಣು ನೋಡುವಾಗಲಾದರೂ ಹಾಡು ಹೇಳು ಎನ್ನುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಇಲ್ಲಿ ಅದೂ ಇಲ್ಲ.

ಪಂಡಿತರು ಕೈತೊಳೆದು ಬಂದು ಟೈರಿಗೆ ಬೆರಳಿನಿಂದ ತಟ್ಟಿದರು, ಹಲಸಿನಹಣ್ಣಿಗೆ ತಟ್ಟುವ ಹಾಗೆ. "ಗುರು, ಲೈನ್ ನೋಡು ಗುರು! ಎಂಥಾ ಬಾಡಿ! ಈಗಿನೋರು ಹಿಂಗ್ ಮಾಡ್ತಾರಾ?"

"ಚಾನ್ಸೇ ಇಲ್ಲ" ಎಂದರು ನಮ್ಮವರು. ಇವರು ಅದುವರೆಗೆ ಕೂತಿದ್ದ ಕಾರುಗಳೆಲ್ಲ ಟ್ಯಾಕ್ಸಿಗಳೇ.

"ಇಂಜಿನ್ ಒಂದ್ಸಲ ಸ್ಟಾರ್ಟ್ ಮಾಡಿ ತೋರಿಸ್ತೀರಾ?" ಎಂದು ಪಂಡಿತರೇ ಕೇಳಿದರು. ಅಷ್ಟು ಮಾತ್ರ ಕೇಳಿದರೆನ್ನಬೇಕು.

ಗೌಡರು ಎರಡೂ ಕಿವಿ ಮುಟ್ಟಿಕೊಂಡರು. "ಅಯ್ಯೋ, ಇವತ್ತಾ ಸಾರ್? ಪೂಜೆ ಮಾಡ್ಬುಟ್ಟಿವ್ನಿ. ಇವತ್ತು ಆಯುಧ ಮುಟ್ಟಂಗಿಲ್ಲ. ನಿಮ್ಗೆ ಏಳ್ಬೇಕಾ?"

ಇಬ್ಬರೂ ತಲೆದೂಗಿದರು. ಫ್ಯಾಕ್ಟರಿಯಲ್ಲಿ ಪೂಜೆ ಮಾಡಿದ ಮಷಿನ್ನನ್ನು ಹಬ್ಬ ಕಳೆಯುವವರೆಗೆ ಯಾರೂ ಮುಟ್ಟುವುದಿಲ್ಲ. ಅದನ್ನೇ ಇಲ್ಲಿಗೂ ತಂದು ಹಾಕಿಕೊಂಡರು. "ಸಂಪ್ರದಾಯಸ್ಥರು" ಎಂದು ನಮ್ಮವರು ನನ್ನ ಕಿವಿಯಲ್ಲಿ ಮೆಚ್ಚುಗೆ ಸೂಚಿಸಿದರು. ವರ್ಷವೆಲ್ಲ ಸಂಧ್ಯಾವಂದನೆಗೆ ಪುರುಸೊತ್ತಿಲ್ಲದ ಮನುಷ್ಯನಿಗೆ ಆ ಕೊಟ್ಟಿಗೆಯಲ್ಲಿ ಸಂಪ್ರದಾಯ ಉಕ್ಕಿ ಬಂದಿತ್ತು.

ಗೌಡರ ಹೆಂಡತಿ ನನಗೆ ಅರಿಸಿನ ಕುಂಕುಮ ಕೊಡಲು ಕರೆದರು. ತೆಗೆದುಕೊಂಡು, ಹಬ್ಬದ ದಿನವಲ್ಲವೇ ಎಂದು ಕಾರಿಗೂ ಒಂದು ನಮಸ್ಕಾರ ಹಾಕಲು ಬಗ್ಗಿದೆ. ಬಗ್ಗಿದಾಗ ಕಂಡಿತು. ನಾಲ್ಕು ಚಕ್ರದ ಮುಂದೆಯೂ ಒಂದೊಂದು ನಿಂಬೆಹಣ್ಣು. ನಾಲ್ಕೂ ಗುಂಡಗೆ, ಹಳದಿಯಾಗಿ, ಈಗ ತಾನೇ ಸಂತೆಯಿಂದ ತಂದಂತೆ.

ನನಗೆ ಕಸಿವಿಸಿಯಾಯಿತು. ವಾಹನಪೂಜೆ ಎಂದರೆ ಮಂಗಳಾರತಿಯಾದ ಮೇಲೆ ಗಾಡಿ ನಿಂಬೆಹಣ್ಣಿನ ಮೇಲೆ ಹರಿದು ಅದನ್ನು ಅಪ್ಪಚ್ಚಿ ಮಾಡಬೇಕು. ದೃಷ್ಟಿ ಹೋಗುವುದು ಆಗಲೇ. ಇಟ್ಟ ಹಣ್ಣನ್ನು ಹಾಗೇ ಬಿಟ್ಟರೆ ಪೂಜೆ ಅರ್ಧಕ್ಕೆ ನಿಂತಂತೆ. ಕಾರನ್ನು ಪರೀಕ್ಷೆ ಮಾಡಬೇಕೆಂಬ ಯೋಚನೆ ನನಗಿರಲಿಲ್ಲ. ದೇವರ ಕೆಲಸ ಅರ್ಧವಾಗಿದೆಯಲ್ಲ ಎಂದು ಕೇಳಿದೆ, ಅಷ್ಟೇ.

"ಗೌಡರೇ, ನಿಂಬೆಹಣ್ಣು ಹಂಗೇ ಇದೆಯಲ್ಲ! ಗಾಡಿ ಹತ್ತಿಸಲಿಲ್ವಾ?"

ಗೌಡರು ಒಂದು ಗಳಿಗೆ ಹೆಂಡತಿಯ ಮುಖ ನೋಡಿದರು. "ಅತ್ಸುದ್ರಾಯ್ತು ಬುಡಿ ಅಕ್ಕಾ. ಒತ್ತು ಓದ್ಮೇಲೆ ಅತ್ಸನ ಅಂತ."

"ಮುತ್ತೈದೆ ಬಂದಿದೀನಿ, ಈಗಲೇ ಆಗಿಹೋಗ್ಲಿ. ಮುಂದಕ್ಕೆ ಒಂದು ಅಡಿ ಬಿಟ್ರೆ ಸಾಕು. ಪೂಜೆ ಸಂಪೂರ್ಣ ಆಗುತ್ತೆ."

"ಲೇ, ಸುಮ್ನಿರೇ" ಎಂದರು ನಮ್ಮವರು.

ಆದರೆ ಗೌಡರ ಹೆಂಡತಿ ಭಯಭಕ್ತಿಯ ಹೆಂಗಸು. "ಅವ್ವ ಏಳೋದು ಸರಿ. ಬೆಳಗಿಂದ ನಾನೂ ಬಡ್ಕಂತಿವ್ನಿ" ಎಂದುಬಿಟ್ಟರು. ಗಂಡ ಕಣ್ಣು ಬಿಟ್ಟರೂ ಆ ತಾಯಿ ಹಿಂದೆ ಸರಿಯಲಿಲ್ಲ.

ಗೌಡರು ಕೀಲಿ ತಿರುಗಿಸಿದರು. ಉಸಿರೇ ಇಲ್ಲ. ಇನ್ನೊಮ್ಮೆ ತಿರುಗಿಸಿದರು. ಬಾಳೆಕಂದಿನ ಹಿಂದಿದ್ದ ಕೋಳಿ ಮಾತ್ರ ಕೊಕ್ಕೋ ಎಂದಿತು. "ಬ್ಯಾಟ್ರಿ ವೀಕು" ಎಂದು ಪಂಡಿತರು ಮಾಲೀಕರ ಪರವಾಗಿ ಸಮಾಧಾನ ಹೇಳಿದರು. "ದಬ್ಬಿದರೆ ಆಯ್ತು."

ನಮ್ಮವರಿಗೆ ಅದೇ ಬೇಕಾಗಿತ್ತು. ಮಹಾರಾಜರ ಹಾಗೆ ಬಾಗಿಲು ತೆರೆದು ಸ್ಟೇರಿಂಗ್ ಹಿಡಿದು ಕೂತರು. ಗೌಡರೂ ಪಂಡಿತರೂ ಹಿಂದಿನಿಂದ ದಬ್ಬಿದರು. ಮುಖ ಕೆಂಪಗಾಯಿತೇ ಹೊರತು ಕಾರು ಅಲ್ಲಾಡಲಿಲ್ಲ. ಚಕ್ರಗಳು ಬ್ರೇಕಿಗೆ ಕಚ್ಚಿಕೊಂಡು ತುಕ್ಕು ಹಿಡಿದು ಎಷ್ಟು ಕಾಲವಾಗಿತ್ತೋ. "ಬ್ರೇಕ್ ತುಳಿದು ಬಿಡು ಗುರು, ಲೂಸಾಗುತ್ತೆ!" ಎಂದು ಪಂಡಿತರು ಕೂಗಿದರು. ನಮ್ಮವರು ಪಾದ ಊರಿ ಜೋರಾಗಿ ತುಳಿದರು. ಡಬ್ಬ ಹರಿದ ಹಾಗೆ ಒಂದು ಸದ್ದು. ಆಮೇಲೆ ನಾನು ಕಂಡದ್ದು ಕಾರಿನ ಹೊಟ್ಟೆಯ ಕೆಳಗೆ, ಕೊಟ್ಟಿಗೆಯ ನೆಲದ ಮೇಲೆ, ನಮ್ಮವರ ಬಲಗಾಲಿನ ಐದು ಬೆರಳು.

ಕಾಲಿಗೆ ಒಂದು ಗೀರೂ ಆಗಿರಲಿಲ್ಲ. ಭಗವಂತ ದೊಡ್ಡವನು. ಮೇಲೆ ಹಾಸಿದ್ದ ಹೊಸ ತೆಂಗಿನನಾರಿನ ಚಾಪೆ ಸರಿದಿತ್ತು, ಅದರಡಿಯಲ್ಲಿ ಕಾರಿನ ತಳದ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ನಿಂಬೆಹಣ್ಣು ನಾಲ್ಕೂ ಹಾಗೇ ಕೂತಿದ್ದವು.

"ವೆಲ್ಡಿಂಗ್ ಒಡ್ಸುದ್ರೆ ಮುಗೀತು ಸಾರ್" ಎಂದರು ಗೌಡರು, ಒಂದಿಷ್ಟೂ ನಾಚದೆ.

"ಕ್ಲಾಸಿಕ್ ಗಾಡಿ ಅಂದ್ಮೇಲೆ ಇದೆಲ್ಲಾ ಇರೋದೇ" ಎಂದರು ಪಂಡಿತರು. ತಿಂದ ಕೇಸರಿಬಾತು ಇನ್ನೂ ಕೆಲಸ ಮಾಡುತ್ತಿತ್ತು.

ಅಷ್ಟಾದ ಮೇಲಾದರೂ ಬುದ್ಧಿ ಬಂತೆಂದುಕೊಂಡೆ. ಇಲ್ಲ. ಬಸ್ಸಿನಲ್ಲಿ ನಮ್ಮವರು ಮೆಲ್ಲಗೆ ಶುರು ಮಾಡಿದರು. "ಇದನ್ನೆಲ್ಲಾ ಅವನಿಗೆ ಹೇಳ್ಬೇಡ. ಮೊದಲು ಕೊಂಡ್ಕೊಳ್ಳಲಿ. ಇಲ್ಲೇ ನಿಲ್ಲಿಸಿಕೊಂಡು ನಾನೇ ನಿಧಾನಕ್ಕೆ ರಿಪೇರಿ ಮಾಡಿಸ್ತೀನಿ."

"ಹುಡುಗಿ ಮನೆಯವರಿಗೆ ಏನ್ ಹೇಳ್ತೀರಿ? ಮಗಳು ಕಾರಲ್ಲೇ ಸಂಸಾರ ಮಾಡ್ಲಿ ಅಂತಾನಾ? ಅದಕ್ಕೆ ನೆಲ ಬೇರೆ ಇಲ್ಲ."

ಅವರು ಕಿಟಕಿಯ ಕಡೆಗೆ ತಿರುಗಿದರು.

ಹಬ್ಬ ಕಳೆದು ಪೋಸ್ಟ್ ಆಫೀಸು ತೆರೆದ ದಿನ ಟ್ರಂಕ್ ಕಾಲ್ ಬುಕ್ ಮಾಡಿದೆವು, ಮೈದುನನ ಕೋಣೆಯ ಕೆಳಗಿನ ಅಂಗಡಿಗೆ. ಬೆಂಚಿನ ಮೇಲೆ ಕೂತು ನಾನು ರಾಯರನ್ನು ನೆನೆಯುತ್ತಲೇ ಇದ್ದೆ. ಲೈನು ಸಿಕ್ಕಿತು. ನಮ್ಮವರು ರಿಸೀವರ್ ಹಿಡಿದದ್ದೇ ತಡ, ಇಡೀ ಪೋಸ್ಟ್ ಆಫೀಸಿಗೆ ಕೇಳುವಂತೆ ಕೂಗಿದರು: "ಗಾಡಿ ಅಂದ್ರೆ ಗಾಡಿ ಕಣೋ! ಬಣ್ಣ ಏನು, ಸ್ಟೇರಿಂಗ್ ಏನು!"

ಆ ಕಡೆಯಿಂದ ಮೈದುನ ಕೇಳಿದ್ದು ನನಗೂ ಕೇಳಿಸಿತು. "ಓಡಿಸಿ ನೋಡಿದ್ಯಾ ಅಣ್ಣಾ?"

ನಮ್ಮವರು ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದರು. ಹ್ಞೂಂ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಸಾಕಿದ ತಮ್ಮನಿಗೆ ಬಾಯಿಬಿಟ್ಟು ಸುಳ್ಳು ಹೇಳುವಷ್ಟು ಗಟ್ಟಿತನ ಆ ಮನುಷ್ಯನಿಗಿರಲಿಲ್ಲ. ಅದೂ ದೇವರ ದಯೆಯೇ. "ನಿಮ್ಮತ್ತಿಗೆ ಮಾತಾಡ್ತಾಳೆ" ಎಂದು ರಿಸೀವರನ್ನು ಬಿಸಿಪಾತ್ರೆಯ ಹಾಗೆ ನನ್ನ ಕೈಗೆ ದಾಟಿಸಿದರು.

"ನಿಂಬೆಹಣ್ಣನ್ನೂ ತುಳಿಯಲಿಲ್ಲ ಕಣಪ್ಪ" ಎಂದೆ. "ನಿಮ್ಮಣ್ಣ ಕೂತ್ಕೊಂಡು ಕಾಲಿಟ್ರೆ ಕಾಲು ನೆಲಕ್ಕೇ ಬಂತು. ಕೋಣೆ ಹಿಡಿ ನೀನು."

ಲೈನು ಕಟ್ಟಾಗುವ ಮೊದಲು ಕೇಳಿದ: "ಕೆಂಪು ಅಂತೂ ಚೆನ್ನಾಗಿತ್ತಾ ಅತ್ತಿಗೆ?"

"ಕುಂಕುಮ ಚೆನ್ನಾಗಿತ್ತು" ಎಂದೆ.

ಮಾಘದಲ್ಲಿ ಮದುವೆಯಾಯಿತು. ಆಮೇಲೊಮ್ಮೆ ನಾನೂ ಬೊಂಬಾಯಿಗೆ ಹೋಗಿ ಆ ಕೋಣೆ ನೋಡಿಬಂದೆ. ಕಾಲು ಚಾಚಿದರೆ ಗೋಡೆ ತಾಗುತ್ತದೆ, ಆದರೆ ನಲ್ಲಿ ಒಳಗೇ ಇದೆ, ಬೆಳಿಗ್ಗೆ ನೀರೂ ಬರುತ್ತದೆ. ಹುಡುಗಿ ದೇವರಿಗೊಂದು ಮೂಲೆ ಬಿಟ್ಟು ದೀಪ ಇಟ್ಟಿದ್ದಾಳೆ. ಎದುರು ಗೋಡೆಯಲ್ಲಿ ಮೈದುನನ ಕ್ಯಾಲೆಂಡರು, ಅದರಲ್ಲಿ ಅಂಥದೇ ಒಂದು ಕೆಂಪು ಕಾರು. ಕಿಟಕಿಯಿಂದ ಗಾಳಿ ಬಂದಾಗ ಆ ಹಾಳೆ ಒಂದಿಷ್ಟು ಮುಂದಕ್ಕೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಹೆಬ್ಬಾಳದ್ದಕ್ಕಿಂತ ಅದೇ ವಾಸಿ.